ಮರೆತುಹೋದ ಹುಡುಗಿ, ಪಿಸುಮಾತಿನ ಹುಡುಗ

ಅಕ್ಕನ ಮಗಳು ಏಳನೇ ತರಗತಿ. ರಜೆಯಲ್ಲಿ ಓದಿದ ಯಾವುದಾದರೂ ಕಾದಂಬರಿಯಿಂದ ಎರಡು ಪಾತ್ರಗಳನ್ನು ಆರಿಸಿಕೊಂಡು ಹೋಲಿಸಿ ಬರೆಯಿರಿ ಎಂದು ಶಾಲೆಯಲ್ಲಿ ಹೇಳಿ ಕಳಿಸಿದ್ದರು. ಅವಳು ಓದಿದ್ದು ‘ದಿ ಸೀಕ್ರೆಟ್ ಗಾರ್ಡನ್’. ನೋಟ್‌ಬುಕ್ಕಿನ ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದಿದ್ದಳು. ಎಡಕ್ಕೆ ಮೇರಿ, ಬಲಕ್ಕೆ ಕಾಲಿನ್. ಮೇರಿಯ ಕೆಳಗೆ ಹಟಮಾರಿ, ಸಿಡುಕಿ, ಒಂಟಿ, ಅಪ್ಪ ಅಮ್ಮನ ಪ್ರೀತಿ ಸಿಗಲಿಲ್ಲ, ಆಳುಗಳ ಮೇಲೆ ದರ್ಪ ಅಂತ ಐದು ಸಾಲು ಇತ್ತು. ಕಾಲಿನ್ ಕೆಳಗೂ ಅವೇ ಮಾತುಗಳು ಒಂದೊಂದಾಗಿ ಇಳಿದು ಬಂದು ನಾಲ್ಕನೆಯದಕ್ಕೆ ಪೆನ್ನು ನಿಂತುಬಿಟ್ಟಿತ್ತು. ‘ಇಬ್ಬರೂ ಒಂದೇ ಅಲ್ವಾ ಮಾಮ? ಇನ್ನು ಹೋಲಿಸೋದು ಏನನ್ನ?’ ಅಂತ ಕೇಳಿದಳು.

ಗುಣಗಳ ಪಟ್ಟಿ ಮಾಡಲು ಕೂತರೆ ಅವಳು ಹೇಳಿದ್ದೇ ಸರಿ. ಆದರೆ ಆ ಕಾದಂಬರಿಯನ್ನು ನಾನು ಇಷ್ಟು ವರ್ಷ ಮತ್ತೆ ಮತ್ತೆ ಕೈಗೆತ್ತಿಕೊಂಡಿರುವುದಕ್ಕೆ ಕಾರಣ ಅವಳನ್ನು ತಡೆದು ನಿಲ್ಲಿಸಿದ ಆ ಪ್ರಶ್ನೆಯೇ. ಹೊರಗಿನಿಂದ ನೋಡಿದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಇಬ್ಬರು ಮಕ್ಕಳು ಒಳಗೆ ಎಷ್ಟು ಬೇರೆ ಇರಬಲ್ಲರು ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಮಕ್ಕಳ ಪುಸ್ತಕವನ್ನು ನಾನು ಇನ್ನೊಂದು ಓದಿಲ್ಲ. ಅವಳಿಗೆ ಅಂದು ನಾನು ಹೇಳಿದ್ದು ಇಷ್ಟೇ. ಅವರು ಹೇಗಿದ್ದಾರೆ ಅಂತ ಬರೆಯಬೇಡ, ಅವರ ಕಿವಿಗೆ ಏನು ಬಿತ್ತು ಅಂತ ಹುಡುಕು. ಮೇರಿಯ ಬಗ್ಗೆ ಯಾರೂ ಮಾತೇ ಆಡಲಿಲ್ಲ. ಕಾಲಿನ್ ಬಗ್ಗೆ ಎಲ್ಲರೂ ಪಿಸುಗುಟ್ಟಿದರು. ಇಬ್ಬರ ಸಿಟ್ಟೂ ಅಲ್ಲಿಂದಲೇ ಕವಲೊಡೆಯುತ್ತದೆ.

ಪುಸ್ತಕ ಓದದವರಿಗಾಗಿ ನಾಲ್ಕು ಮಾತು. ಬರೆದವಳು ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್. 1849ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಮನೆಯವರೊಂದಿಗೆ ಅಮೆರಿಕಕ್ಕೆ ಹೋದವಳು. ‘ದಿ ಸೀಕ್ರೆಟ್ ಗಾರ್ಡನ್’ ಅಮೆರಿಕದ ಒಂದು ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1911ರಲ್ಲಿ ಪುಸ್ತಕವಾಯಿತು. ಕಥೆ ನಮ್ಮ ನೆಲದಲ್ಲಿ ಶುರುವಾಗುತ್ತದೆ. ಬ್ರಿಟಿಷ್ ಅಧಿಕಾರಿಯೊಬ್ಬನ ಮಗಳು ಮೇರಿ ಲೆನಾಕ್ಸ್‌ಗೆ ಸುಮಾರು ಒಂಬತ್ತು ವರ್ಷವಾದಾಗ ಕಾಲರಾ ಬಂದು ತಂದೆ, ತಾಯಿ, ಸಾಕಿದ ಆಯಾ ಮೂವರೂ ಸಾಯುತ್ತಾರೆ. ಹುಡುಗಿಯನ್ನು ಹಡಗು ಹತ್ತಿಸಿ ಯಾರ್ಕ್‌ಶೈರಿನಲ್ಲಿರುವ ಆರ್ಚಿಬಾಲ್ಡ್ ಕ್ರೇವನ್ ಎಂಬ ಬಂಧುವಿನ ಮನೆಗೆ ಕಳಿಸುತ್ತಾರೆ. ಆರುನೂರು ವರ್ಷ ಹಳೆಯ, ನೂರರ ಹತ್ತಿರ ಕೋಣೆಗಳಿರುವ, ಹೆಚ್ಚಿನವಕ್ಕೆ ಬೀಗ ಜಡಿದಿರುವ ಮಿಸೆಲ್‌ಥ್ವೇಟ್ ಎಂಬ ಬಂಗಲೆ. ಸುತ್ತ ಮರವಿಲ್ಲದ ಬಯಲು, ಗಾಳಿ. ಮನೆಯ ಒಡತಿ ಸತ್ತ ಮೇಲೆ ಹತ್ತು ವರ್ಷದಿಂದ ಮುಚ್ಚಿಟ್ಟ ಒಂದು ತೋಟ. ಬೀಗದ ಕೈ ಮಣ್ಣಿನಲ್ಲಿದೆ. ಒಳಗೆಲ್ಲೋ ಒಂದು ಮಗು ಅಳುವ ಸದ್ದು.

ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಮನೆಯಲ್ಲಿ ಒಬ್ಬೊಬ್ಬರೇ ಸಾಯುತ್ತಿರುವಾಗ ಮಗುವಿನ ಕೋಣೆಯಲ್ಲಿ ಮೇರಿ ಒಬ್ಬಳೇ. ಅವಳು ಅಲ್ಲಿದ್ದಾಳೆಂಬುದೇ ಯಾರಿಗೂ ನೆನಪಿಲ್ಲ. ಅತ್ತು, ಮಲಗಿ, ಎದ್ದು, ಮೇಜಿನ ಮೇಲಿದ್ದ ವೈನನ್ನು ಅದರ ಅಮಲು ತಿಳಿಯದೆ ಕುಡಿದು ಮತ್ತೆ ಮಲಗುತ್ತಾಳೆ. ಎಚ್ಚರವಾದಾಗ ಮನೆ ನಿಶ್ಶಬ್ದ. ಒಂದು ಪುಟ್ಟ ಹಾವು ನೆಲದ ಮೇಲೆ ಸರಿದು ಬಾಗಿಲ ಸಂದಿಯಲ್ಲಿ ಹೊರಟುಹೋಗುತ್ತದೆ. ಆಮೇಲೆ ಬಂದ ಅಧಿಕಾರಿಗಳು ಅವಳನ್ನು ಕಂಡು ಬೆಚ್ಚಿಬೀಳುತ್ತಾರೆ. ಮೇರಿ ಆಗ ಅಳುವುದಿಲ್ಲ. ಕಾಲಿನಿಂದ ನೆಲ ಒದ್ದು, ತನ್ನನ್ನು ಏಕೆ ಮರೆತರು ಎಂದು ಕೇಳುತ್ತಾಳೆ. ದುಃಖ ಇರಬೇಕಾದ ಜಾಗದಲ್ಲಿ ಸಿಟ್ಟು ಇದೆ. ದುಃಖಿಸುವುದನ್ನು ಅವಳು ಕಲಿತದ್ದೇ ಇಲ್ಲ. ತಾಯಿ ಬಲು ಸುಂದರಿ, ಪಾರ್ಟಿಗಳಿಗೆ ಹೋಗುವವಳು, ಅವಳಿಗೆ ಹೆಣ್ಣುಮಗು ಬೇಕಿರಲಿಲ್ಲ. ಮೇರಿ ಆಕೆಯನ್ನು ದೂರದಿಂದ ನೋಡುತ್ತಿದ್ದಳು, ಆಳುಗಳ ಹಾಗೆ ‘ಮೇಮ್‌ಸಾಹೇಬ್’ ಎನ್ನುತ್ತಿದ್ದಳು. ಅಂಥ ತಾಯಿ ಸತ್ತರೆ ಮಗುವಿಗೆ ಕಳೆದುಕೊಂಡಂತೆ ಏನಾದರೂ ಅನಿಸಲು, ಮೊದಲು ಏನಾದರೂ ಸಿಕ್ಕಿರಬೇಕಲ್ಲ.

ಹೀಗಾಗಿ ಮೇರಿಯ ಮನಸ್ಸಿನ ಮೊದಲ ವಿಶೇಷ ಏನೆಂದರೆ, ಅವಳಿಗೆ ತನ್ನ ಸಂಕಟದ ಹೆಸರೇ ಗೊತ್ತಿಲ್ಲ. ಹೊಟ್ಟೆ ಹಸಿದ ಕೂಸು ಹಸಿವು ಅನ್ನಲಾರದೆ ರಚ್ಚೆ ಹಿಡಿಯುವಂತೆ ಅವಳದು. ಯಾರ್ಕ್‌ಶೈರಿಗೆ ಹೊರಡುವ ಮುನ್ನ ಅವಳೊಳಗೆ ಹೊಸ ಯೋಚನೆಯೊಂದು ತಲೆ ಎತ್ತುತ್ತದೆ. ಅಪ್ಪ ಅಮ್ಮ ಬದುಕಿದ್ದಾಗಲೂ ತಾನು ಯಾರವಳೂ ಅಲ್ಲದ ಹಾಗೆ ಯಾಕಿದ್ದೆ? ಉತ್ತರ ಹೊಳೆಯುವುದಿಲ್ಲ. ಹೊಳೆಯುವುದು ತೋಟದ ಗೋಡೆಯ ಬಳಿ, ಒಂದು ರಾಬಿನ್ ಹಕ್ಕಿಯ ಎದುರು. ನಮ್ಮ ಮಡಿವಾಳ ಹಕ್ಕಿಯ ದೂರದ ನೆಂಟನಾದ ಈ ಕೆಂಪೆದೆಯ ಹಕ್ಕಿ ಗೂಡಿನಿಂದ ಹಾರಿ ಬಂದು ನೋಡುವಷ್ಟರಲ್ಲಿ ತನ್ನ ಬಳಗ ಹೊರಟುಹೋಗಿ ಒಂಟಿಯಾಗಿತ್ತು ಎಂದು ಮುದಿ ಮಾಲಿ ಬೆನ್ ವೆದರ್‌ಸ್ಟಾಫ್ ಹೇಳುತ್ತಾನೆ. ಅದನ್ನು ಕೇಳಿ ಮೇರಿ ಹಕ್ಕಿಯ ಹತ್ತಿರ ಹೋಗಿ ತಾನೂ ಒಂಟಿ ಎನ್ನುತ್ತಾಳೆ. ತನ್ನ ಸಿಡುಕಿಗೆ ಇದೂ ಒಂದು ಕಾರಣವೆಂದು ಅಲ್ಲಿಯ ತನಕ ಅವಳಿಗೇ ತಿಳಿದಿರಲಿಲ್ಲವೆಂದು ಲೇಖಕಿ ಸೇರಿಸುತ್ತಾಳೆ. ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ದೊಡ್ಡದೆನಿಸುವ ಗಳಿಗೆ ಇದು. ತೋಟದ ಬಾಗಿಲು ತೆರೆಯುವುದು ಆಮೇಲೆ. ಅದಕ್ಕಿಂತ ಮುಂಚೆ ಒಂದು ಶಬ್ದ ಸಿಕ್ಕಿದೆ, ಒಂಟಿ ಅನ್ನುವ ಶಬ್ದ. ಅದನ್ನು ಹೇಳಲು ಅವಳಿಗೆ ಮನುಷ್ಯರು ಸಿಗಲಿಲ್ಲ, ಹಕ್ಕಿ ಸಿಕ್ಕಿತು.

ಇನ್ನೊಂದು ಕಡೆ, ಕೆಲಸದ ಹುಡುಗಿ ಮಾರ್ಥಾ ಮಾತಿಗೆ ಮಾತು ಬಂದು ಅವಳನ್ನು ಕೇಳುತ್ತಾಳೆ, ನಿನಗೆ ನೀನು ಇಷ್ಟವೇನು ಅಂತ. ಮೇರಿ ಯೋಚಿಸಿ, ಇಲ್ಲವೇ ಇಲ್ಲ, ಆದರೆ ಹಾಗೆಂದು ಮೊದಲು ಯಾವತ್ತೂ ಯೋಚಿಸಿರಲಿಲ್ಲ ಎನ್ನುತ್ತಾಳೆ. ಹತ್ತು ವರ್ಷದ ಹುಡುಗಿಯ ಬಾಯಲ್ಲಿ ಇಷ್ಟು ಪ್ರಾಮಾಣಿಕ ಮಾತು! ಅಳುವೂ ಇಲ್ಲ, ಯಾರಾದರೂ ಅಯ್ಯೋ ಅನ್ನಲಿ ಎಂಬ ಆಸೆಯೂ ಇಲ್ಲ.

ಈಗ ಕಾಲಿನ್. ಆ ಬಂಗಲೆಯ ಯಜಮಾನನ ಒಬ್ಬನೇ ಮಗ. ವಯಸ್ಸು ಹತ್ತು. ಹುಟ್ಟಿದಾಗಲೇ ತಾಯಿ ಸತ್ತಳು. ಹುಡುಗನ ಮುಖ ನೋಡಿದರೆ ಹೆಂಡತಿ ನೆನಪಾಗುತ್ತಾಳೆಂದು ತಂದೆ ಮಗ ಮಲಗಿದ್ದಾಗ ಮಾತ್ರ ಬಂದು ಹೋಗುತ್ತಾನೆ. ತಂದೆಯ ಬೆನ್ನು ಸ್ವಲ್ಪ ಗೂನು. ಮಗನಿಗೂ ಹಾಗೇ ಆಗುತ್ತದೆ, ಮಗು ಬದುಕುವುದೂ ಇಲ್ಲ ಎಂದು ಮನೆಯೆಲ್ಲ ನಂಬಿ ಕೂತಿದೆ. ಹುಡುಗನ ವಿಷಯ ಆಳುಗಳು ಮಾತಾಡಕೂಡದು ಎಂದು ಯಜಮಾನನ ಕಟ್ಟಪ್ಪಣೆ ಬೇರೆ. ಬಾಯಿ ಬಿಟ್ಟು ಆಡಬಾರದೆಂದ ಮೇಲೆ ಮಾತು ಎಲ್ಲಿಗೆ ಹೋಗುತ್ತದೆ? ಗಂಟಲಿಗೆ ಇಳಿಯುತ್ತದೆ, ಪಿಸುಮಾತಾಗುತ್ತದೆ, ಬಾಗಿಲ ಮರೆ ಸೇರುತ್ತದೆ. ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ ಹುಡುಗನಿಗೆ ಅಷ್ಟೂ ಕೇಳಿಸುತ್ತದೆ. ಚಿಕ್ಕವನಿದ್ದಾಗ ಅರ್ಥವಾಗುವುದಿಲ್ಲ ಅಂದುಕೊಂಡರು, ದೊಡ್ಡವನಾದ ಮೇಲೆ ಕೇಳಿಸುವುದಿಲ್ಲ ಅಂದುಕೊಂಡರು, ಎರಡೂ ಸುಳ್ಳು ಎಂಬರ್ಥದ ಮಾತನ್ನು ಅವನು ಮೇರಿಗೆ ಮೊದಲ ರಾತ್ರಿಯೇ ಹೇಳಿಬಿಡುತ್ತಾನೆ.

ಮೇರಿಗೆ ತನ್ನ ಬಗ್ಗೆ ಏನೂ ಗೊತ್ತಿಲ್ಲ. ಕಾಲಿನ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಗೊತ್ತು, ಅದೂ ತಪ್ಪಾಗಿ. ಅವಳ ಹಟದ ಬುಡದಲ್ಲಿ ಖಾಲಿತನವಿದ್ದರೆ ಅವನ ಹಟದ ಬುಡದಲ್ಲಿ ಭಯವಿದೆ. ಅವಳು ಕೂಗಿದರೆ ‘ನಾನಿದ್ದೇನೆ, ನೋಡಿ’ ಎಂದು. ಅವನು ಕೂಗಿದರೆ ‘ನಾನು ಇಲ್ಲವಾಗುತ್ತೇನೆ’ ಎಂದು. ಅಕ್ಕನ ಮಗಳು ಬರೆದ ‘ಹಟಮಾರಿ’ ಅನ್ನುವ ಪದದ ಕೆಳಗೆ ಇಷ್ಟು ದೂರ ದೂರದ ಎರಡು ನೀರಸೆಲೆಗಳಿವೆ.

ತಾಯಂದಿರ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಹರಿತ. ಕಣ್ಣೆದುರೇ ಓಡಾಡಿದ ತಾಯಿಗಾಗಿ ಮೇರಿ ಕಣ್ಣೀರು ಹಾಕುವುದಿಲ್ಲ. ಕಂಡೇ ಇರದ ತಾಯಿಯ ಮೇಲೆ ಕಾಲಿನ್ ಮುನಿಸಿಕೊಂಡಿದ್ದಾನೆ. ಕೋಣೆಯ ಗೋಡೆಯ ಮೇಲೆ ಆಕೆಯ ಚಿತ್ರವಿದೆ, ಅದಕ್ಕೆ ಗುಲಾಬಿ ಬಣ್ಣದ ರೇಷ್ಮೆ ಪರದೆ. ತಾನು ನರಳುತ್ತಿರುವಾಗ ಆಕೆ ನಗುತ್ತಿರುವುದು ಅವನಿಗೆ ಸಹಿಸದು, ಆಕೆ ಸಾಯದೇ ಇದ್ದಿದ್ದರೆ ತನಗೆ ಈ ಪಾಡು ಬರುತ್ತಿರಲಿಲ್ಲ ಎಂಬ ಕೋಪ. ಪ್ರೀತಿ ಇಲ್ಲದ ಕಡೆ ಕೋಪವೂ ಇರುವುದಿಲ್ಲ. ತಾಯಿ ಎಂದರೆ ಹೇಗಿರುತ್ತಾಳೆ ಎಂಬ ಊಹೆಯಾದರೂ ಕಾಲಿನ್‌ಗೆ ಇದೆ. ಮೇರಿಗೆ ಅದೂ ಇಲ್ಲ. ಇಬ್ಬರಲ್ಲಿ ಹೆಚ್ಚು ತಬ್ಬಲಿ ಯಾರು ಎಂದು ಕೇಳಿದರೆ ನಾನು ಮೇರಿಯ ಹೆಸರನ್ನೇ ಹೇಳುತ್ತೇನೆ.

ಇಬ್ಬರೂ ಭೇಟಿಯಾಗುವುದು ಮಳೆ ಗಾಳಿಯ ಒಂದು ನಡುರಾತ್ರಿ. ಅಳು ಕೇಳಿ ಮೇರಿ ಮೇಣದಬತ್ತಿ ಹಿಡಿದು ಓಣಿಯಂಥ ಮೊಗಸಾಲೆಗಳನ್ನು ದಾಟಿ ಬಾಗಿಲು ತಳ್ಳುತ್ತಾಳೆ. ದೊಡ್ಡ ಮಂಚದಲ್ಲಿ ದಂತದ ಬಣ್ಣದ ಮುಖ, ಆ ಮುಖಕ್ಕೆ ಹೆಚ್ಚಾದ ಬೂದುಗಣ್ಣು. ನೀನು ಭೂತವೇ ಎಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳುತ್ತಾರೆ, ನಿಜವೆಂದು ಮುಟ್ಟಿ ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಒಂದೇ ಸೂರಿನಡಿ ಇಬ್ಬರು ಮಕ್ಕಳಿದ್ದಾರೆಂದು ಇಬ್ಬರಿಗೂ ಯಾರೂ ಹೇಳಿರಲಿಲ್ಲ! ಬಹಳ ಹೊತ್ತು ಮಾತಾದ ಮೇಲೆ ಅವನಿಗೆ ನಿದ್ದೆ ಬರಿಸಲು ಮೇರಿ ಅವನ ಕೈ ಸವರುತ್ತ ಹಿಂದುಸ್ತಾನಿಯಲ್ಲಿ ಒಂದು ಜೋಗುಳ ಹಾಡುತ್ತಾಳೆ. ಹಿಂದೆ ಆಯಾ ಅವಳಿಗೆ ಹಾಡುತ್ತಿದ್ದದ್ದು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ಆಯಾಗೆ ಕಾದಂಬರಿ ಒಂದು ಹೆಸರನ್ನೂ ಕೊಟ್ಟಿಲ್ಲ. ಸಿಟ್ಟು ಬಂದಾಗ ಮೇರಿ ಆಕೆಯ ಕೆನ್ನೆಗೆ ಹೊಡೆಯುತ್ತಿದ್ದಳು, ಹಂದಿ ಎನ್ನುತ್ತಿದ್ದಳು. ಮಾರ್ಥಾಳೆದುರು ಒಮ್ಮೆ ಭಾರತದವರು ಮನುಷ್ಯರೇ ಅಲ್ಲ, ಸಲಾಮು ಹೊಡೆಯುವ ಆಳುಗಳು ಎಂದು ಚೀರುತ್ತಾಳೆ. ಭಾರತವೆಂದರೆ ಕಾಯಿಲೆ, ಸೆಕೆ, ಆಲಸ್ಯ, ಇಂಗ್ಲೆಂಡೆಂದರೆ ಗಾಳಿ, ಆರೋಗ್ಯ ಎಂಬ ಲೆಕ್ಕ ಪುಸ್ತಕದುದ್ದಕ್ಕೂ ಇದೆ. ನಮ್ಮ ಮಕ್ಕಳ ಕೈಗೆ ಇದನ್ನು ಕೊಡುವಾಗ ಈ ಮಾತನ್ನು ಮುಚ್ಚಿಡದೆ ಆಡಿಯೇ ಕೊಡಬೇಕು. ಆದರೂ ಕಥೆಯೊಳಗೆ ನೋಡಿದರೆ, ಮೇರಿಗೆ ಇನ್ನೊಬ್ಬರನ್ನು ಸಂತೈಸಲು ಬರುವ ಒಂದೇ ವಿದ್ಯೆ ಆ ಹೆಸರಿಲ್ಲದ ಹೆಂಗಸಿನದು. ಕೈ ಸವರಿ ತಗ್ಗಿದ ದನಿಯಲ್ಲಿ ಹಾಡುವುದನ್ನು ಅವಳು ತಾಯಿಯಿಂದ ಕಲಿಯಲಿಲ್ಲ. ಯಾರೂ ಪ್ರೀತಿಸಲಿಲ್ಲವೆಂಬ ಮೇರಿಯ ಬಾಲ್ಯದಲ್ಲಿ ಒಬ್ಬಾಕೆ ಜೋಗುಳ ಹಾಡಿದ್ದಳು. ಅದನ್ನು ಮೇರಿ ಅರಿತು ಹೇಳುವುದಿಲ್ಲ, ಲೇಖಕಿಯೂ ಹೇಳುವುದಿಲ್ಲ. ಸವರುವ ಕೈಗೆ ಮಾತ್ರ ಗೊತ್ತು.

ಜಗಳದ ರಾತ್ರಿಗೆ ಬರೋಣ. ಮೇರಿ ಇಡೀ ದಿನ ತೋಟದಲ್ಲಿ ಮಾರ್ಥಾಳ ತಮ್ಮ ಡಿಕನ್ ಜೊತೆ ಇದ್ದು ತನ್ನ ಕೋಣೆಗೆ ಬರಲಿಲ್ಲವೆಂದು ಕಾಲಿನ್ ಕೆರಳಿದ್ದಾನೆ. ಸ್ವಾರ್ಥಿ ನೀನು, ಅಲ್ಲ ನೀನೇ ಸ್ವಾರ್ಥಿ ಎಂದು ಇಬ್ಬರೂ ಕಿತ್ತಾಡಿ ಬೇರೆಯಾಗಿದ್ದಾರೆ. ರಾತ್ರಿ ಮನೆ ಕಿತ್ತುಹೋಗುವಂತೆ ಅವನ ಚೀರಾಟ. ದಾದಿಗೂ ಮನೆಯ ಹೆಂಗಸರಿಗೂ ಏನು ಮಾಡಲೂ ತೋಚುತ್ತಿಲ್ಲ. ಮೇರಿ ಮೊದಲು ಕಿವಿ ಮುಚ್ಚಿಕೊಳ್ಳುತ್ತಾಳೆ, ಹೆದರುತ್ತಾಳೆ, ಆಮೇಲೆ ಅವಳಿಗೇ ಸಿಟ್ಟು ನೆತ್ತಿಗೇರಿ ಓಡಿ ಬಂದು ಬಾಗಿಲು ದಡಾರನೆ ತಳ್ಳಿ ಅವನಿಗಿಂತ ಜೋರಾಗಿ ಕೂಗುತ್ತಾಳೆ. ಅವನಿಗೆ ಜನ್ಮದಲ್ಲಿ ಯಾರೂ ಎದುರಾಡಿದ್ದಿಲ್ಲ. ಬಿಕ್ಕುತ್ತ ಬಿಕ್ಕುತ್ತ ಅವನು ಒಳಗಿನದ್ದನ್ನು ಹೊರಗೆ ಹಾಕುತ್ತಾನೆ. ಬೆನ್ನಿನ ಮೇಲೆ ಗಂಟು ಕೈಗೆ ಸಿಕ್ಕಿತು, ಇನ್ನು ಗೂನು ಬೆಳೆದು ತಾನು ಸಾಯುವುದೇ.

ಮೇರಿ ದಾದಿಗೆ ಅವನ ಅಂಗಿ ಸರಿಸಲು ಹೇಳುತ್ತಾಳೆ. ಎಲುಬೆಲುಬು ಎಣಿಸಬಹುದಾದ ಆ ಬೆನ್ನಿನ ಮೇಲೆ ಬಾಗಿ, ದೊಡ್ಡ ವೈದ್ಯರ ಗಾಂಭೀರ್ಯದಿಂದ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನೋಡುತ್ತಾಳೆ. ಒಂದು ನಿಮಿಷ ಕೋಣೆಯಲ್ಲಿ ಸದ್ದಿಲ್ಲ. ಗುಂಡುಸೂಜಿಯಷ್ಟೂ ಗಂಟಿಲ್ಲವೆಂದು ಸಾರುತ್ತಾಳೆ. ಕೈಗೆ ಸಿಗುವುದು ಬೆನ್ನುಮೂಳೆಯ ಮಣಿಗಳು, ಸಣಕಲಾಗಿರುವುದರಿಂದ ಎದ್ದು ಕಾಣುತ್ತಿವೆ, ತನ್ನ ಬೆನ್ನಿನಲ್ಲೂ ಇವೆ, ಮೈ ತುಂಬಿಕೊಳ್ಳುವ ಮುನ್ನ ಅವೂ ಹೀಗೇ ಎದ್ದಿದ್ದವು ಎನ್ನುತ್ತಾಳೆ.

ಈ ದೃಶ್ಯದಲ್ಲಿ ಎದೆಗೆ ನಾಟುವುದು ದಾದಿಯ ಮಾತು. ಬೆನ್ನಿನಲ್ಲಿ ಗಂಟಿದೆಯೆಂದು ಹುಡುಗ ಅಂದುಕೊಂಡಿದ್ದಾನೆಂಬುದೇ ಆಕೆಗೆ ಗೊತ್ತಿರಲಿಲ್ಲವಂತೆ. ಗೊತ್ತಿದ್ದರೆ ಗಂಟಿಲ್ಲವೆಂದು ತಾನೇ ಹೇಳುತ್ತಿದ್ದಳಂತೆ. ವರ್ಷಗಟ್ಟಲೆ ಅವನ ಹಾಸಿಗೆಯ ಸುತ್ತ ಜನರಿದ್ದರು. ಬೆನ್ನಿಗೆ ಕಬ್ಬಿಣದ ಪಟ್ಟಿ ಕಟ್ಟಿಸಿದ್ದರು. ಲಂಡನ್ನಿನಿಂದ ಬಂದ ದೊಡ್ಡ ಡಾಕ್ಟರೊಬ್ಬರು ಅದನ್ನು ಬಿಚ್ಚಿಸಿ ಗಾಳಿಗೆ ಬಿಡಿ ಎಂದು ಹೇಳಿಯೂ ಹೋಗಿದ್ದರು. ಆದರೆ ನಿನಗೆ ಯಾತರ ಭಯ ಮಗು ಎಂದು ಒಬ್ಬರೂ ಕೇಳಲಿಲ್ಲ, ಅವನೂ ಬಾಯಿಬಿಟ್ಟು ಕೇಳಲು ಧೈರ್ಯ ಮಾಡಲಿಲ್ಲ. ಕೇಳಿದರೆ ಹೌದು ಅಂದುಬಿಟ್ಟರೆ? ರೋಗಿಯ ಮಂಚದ ಸುತ್ತ ಸನ್ನೆಯಲ್ಲೇ ಮಾತು ಮುಗಿಸುವ ಮನೆಗಳನ್ನು ನಾನು ಕಂಡಿದ್ದೇನೆ. ನಮ್ಮ ಊರುಗಳಲ್ಲೂ ಅಂಥ ಮನೆಗಳಿಗೆ ಬರವಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತೇವೆ. ಮಂಚದ ಮೇಲಿರುವ ಮಗು ಆ ಸನ್ನೆಗಳ ಸುತ್ತ ತಾನೇ ಒಂದು ಕಥೆ ಕಟ್ಟಿಕೊಳ್ಳುತ್ತದೆ, ಅದು ನಿಜಕ್ಕಿಂತ ಯಾವಾಗಲೂ ಭೀಕರ.

ಕಾಲಿನ್‌ನ ಭಯವನ್ನು ಹೊರಗೆಳೆಯುವುದು ಮೇರಿಯೊಬ್ಬಳಿಗೆ ಸಾಧ್ಯವಾದದ್ದು ಅವಳು ಕರುಣಾಳು ಎಂಬ ಕಾರಣಕ್ಕಲ್ಲ. ಅವಳಿಗೆ ಅವನ ಮೇಲೆ ಆಗ ಕರುಣೆಯೇ ಇರಲಿಲ್ಲ. ಅವನ ಚೀರಾಟ ಎಂಥದ್ದೆಂದು ಅವಳಿಗೆ ಒಳಗಿನಿಂದ ಗೊತ್ತು, ತಾನೂ ಹಾಗೆ ಚೀರಿದವಳು. ಉಳಿದವರೆಲ್ಲ ಅವನನ್ನು ಸಾಯುವ ಹುಡುಗ ಎಂದು ನೋಡಿದರು, ಇವಳು ತನ್ನಂಥ ಹಟಮಾರಿ ಎಂದು ನೋಡಿದಳು. ಆ ರಾತ್ರಿ ಕಾಲಿನ್‌ಗೆ ಬೇಕಿದ್ದದ್ದು ಅದೇ ಸಮಾನತೆ.

ಇದನ್ನು ಬರೆಯುವಾಗ ಬರ್ನೆಟ್ಟಳ ಎದೆಯಲ್ಲಿ ಏನಿತ್ತೋ. ಅವಳ ಹಿರಿಯ ಮಗ ಲಯೊನೆಲ್ 1890ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಷಯದಿಂದ ಸತ್ತ, ಹದಿನಾರು ವರ್ಷಕ್ಕೆ. ತನ್ನ ಕಾಯಿಲೆ ಏನು, ತಾನು ಸಾವಿನ ಬಾಯಲ್ಲಿದ್ದೇನೆ ಎಂಬುದು ಮಗನಿಗೆ ಕೊನೆಯವರೆಗೂ ತಿಳಿಯದಂತೆ ಅವಳು ಕಾಪಾಡಿಕೊಂಡಿದ್ದಳು. ತನ್ನ ಆತಂಕವನ್ನು ಮುಖದಲ್ಲಿ ತೋರಗೊಡಲಿಲ್ಲ. ಇಪ್ಪತ್ತು ವರ್ಷದ ನಂತರ ಅದೇ ತಾಯಿ, ಎಲ್ಲರೂ ಮುಚ್ಚಿಟ್ಟದ್ದನ್ನೆಲ್ಲ ಕೇಳಿಸಿಕೊಂಡು ಮಲಗಿರುವ ಹುಡುಗನನ್ನು ಸೃಷ್ಟಿಸಿದಳು, ಮತ್ತು ಅವನನ್ನು ಬದುಕಿಸಿದಳು. ತೋಟವೂ ಅವಳು ಕಂಡದ್ದೇ. 1898ರಿಂದ 1907ರವರೆಗೆ ಕೆಂಟ್ ಪ್ರಾಂತ್ಯದ ರಾಲ್ವೆಂಡನ್ ಎಂಬಲ್ಲಿ ಗ್ರೇಟ್ ಮೇಥಮ್ ಹಾಲ್ ಎಂಬ ಮನೆಯನ್ನು ಬಾಡಿಗೆಗೆ ಹಿಡಿದಿದ್ದಳು. ಗೋಡೆ ಸುತ್ತಿದ ಹಳೆಯ ತೋಟದಲ್ಲಿ ಗುಲಾಬಿ ಬೆಳೆಸಿ ಅಲ್ಲೇ ಕೂತು ಬರೆಯುತ್ತಿದ್ದಳು. ಅವಳಿಗೆ ಸಲಿಗೆಯಾಗಿದ್ದ ಒಂದು ರಾಬಿನ್ ಹಕ್ಕಿಯೂ ಅಲ್ಲಿತ್ತು.

ಇಬ್ಬರ ಮನಸ್ಸು ನಮಗೆ ತಿಳಿಯುವ ಬಗೆಯೂ ಬೇರೆ. ಕಾಲಿನ್ ತನ್ನನ್ನು ತಾನೇ ಹೇಳಿಕೊಳ್ಳುತ್ತಾನೆ, ಮಾತು ನಿಲ್ಲಿಸುವುದಿಲ್ಲ. ಮೇರಿ ಹೇಳಿಕೊಳ್ಳುವುದು ಕಡಿಮೆ. ಅವಳ ಮನಸ್ಸಿನೊಳಕ್ಕೆ ಲೇಖಕಿಯೇ ಇಳಿದು ಹುಡುಕಿ ತಂದು ಕೊಡುತ್ತಾಳೆ. ಹೋಲಿಕೆ ಬರೆಯುವ ಮಕ್ಕಳು ಇದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಪಾತ್ರ ಆಡಿದ ಮಾತೇ ಬೇರೆ, ಲೇಖಕಿ ಪಾತ್ರದ ಪರವಾಗಿ ಹೇಳಿದ್ದೇ ಬೇರೆ, ಎರಡನ್ನೂ ಒಂದೇ ತೂಕದಲ್ಲಿ ಇಡಲಾಗದು.

ಖುಷಿ ಬಂದಾಗಲೂ ಇಬ್ಬರ ಖುಷಿ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಮೇರಿ ತನಗೆ ಇಷ್ಟವಾದವರನ್ನು ಬೆರಳು ಮಡಿಸಿ ಎಣಿಸುತ್ತಾಳೆ. ಮಾರ್ಥಾ, ಮಾರ್ಥಾಳ ತಾಯಿ, ಮುದಿ ಮಾಲಿ, ಡಿಕನ್, ಮತ್ತೆ ಆ ರಾಬಿನ್. ಹಕ್ಕಿಯನ್ನೂ ಜನರ ಲೆಕ್ಕಕ್ಕೆ ಸೇರಿಸಿ ಐದು. ಐವರನ್ನು ಇಷ್ಟಪಡುವೆನೆಂದು ತಾನು ಅಂದುಕೊಂಡೇ ಇರಲಿಲ್ಲವೆಂದು ಅಚ್ಚರಿಪಡುತ್ತಾಳೆ. ಮಾರ್ಥಾಳ ತಾಯಿಯನ್ನು ಆಗಿನ್ನೂ ಅವಳು ನೋಡಿಯೂ ಇಲ್ಲ! ಹದಿನಾಲ್ಕು ಹೊಟ್ಟೆಗಳ ಆ ಬಡ ಮನೆಯಿಂದ ಒಂದು ಸ್ಕಿಪ್ಪಿಂಗ್ ಹಗ್ಗ ಬಂದಿತ್ತು, ಅಷ್ಟೇ. ಕಾಲಿನ್‌ಗೆ ಮಾತ್ರ ತೋಟದಲ್ಲಿ ಮೊದಲ ಸಲ ಕಾಲೂರಿ ನಿಂತದ್ದೇ, ತಾನು ಸಾಯುವುದಿಲ್ಲ, ತಾನು ವಿಜ್ಞಾನಿಯಾಗುತ್ತೇನೆ, ಭಾಷಣ ಮಾಡುತ್ತೇನೆ ಎಂಬ ಯೋಚನೆಗಳು. ಹಾಗೆ ನಿಲ್ಲಿಸಿದ್ದೂ ಸಿಟ್ಟೇ. ಗೋಡೆಯಾಚೆಯಿಂದ ಇಣುಕಿದ ಬೆನ್ ಅವನ ಕಾಲು ಸೊಟ್ಟವೇ ಎಂದು ಕೇಳಿದ್ದಕ್ಕೆ. ಸಾವನ್ನೇ ಎಣಿಸುತ್ತಿದ್ದ ಹುಡುಗ ಬದುಕನ್ನು ಎಣಿಸುವುದು ಸಹಜ, ನಾನು ಅವನನ್ನು ದೂರುವುದಿಲ್ಲ. ಮನಸ್ಸು ಮಾಡಿದರೆ ಎಂಥ ಕಾಯಿಲೆಯೂ ಓಡುತ್ತದೆ ಎಂಬ ಭಾವನೆಯನ್ನು ಈ ಭಾಗ ಬಿತ್ತುತ್ತದೆಂಬುದು ಮಾತ್ರ ನನಗೆ ಕಸಿವಿಸಿ. ಕಾಲಿನ್‌ಗೆ ಇದ್ದದ್ದು ಭಯ ಮತ್ತು ಹಾಸಿಗೆ ಹಿಡಿದ ನಿಶ್ಶಕ್ತಿ. ನಿಜವಾಗಿ ನಡೆಯಲಾಗದ ಮಕ್ಕಳ ಮುಂದೆ ಅವನನ್ನು ಮಾದರಿಯಾಗಿ ನಿಲ್ಲಿಸುವುದು ಅನ್ಯಾಯ.

ಒಂದು ದಿನ ಮೇರಿ ಅವನ ಕೋಣೆಯಲ್ಲಿ ರೇಷ್ಮೆ ಪರದೆ ಸರಿದಿರುವುದನ್ನು ಕಾಣುತ್ತಾಳೆ. ಬೆಳದಿಂಗಳು ಬಿದ್ದಿದ್ದ ರಾತ್ರಿ ತಾನೇ ಹಗ್ಗ ಎಳೆದೆ, ಈಗ ಅಮ್ಮ ನಕ್ಕರೆ ಸಿಟ್ಟು ಬರುವುದಿಲ್ಲ ಎನ್ನುತ್ತಾನೆ ಅವನು. ಮೇರಿಗೆ ಸರಿಸಲು ಅಂಥ ಪರದೆಯೂ ಇಲ್ಲ, ಚಿತ್ರವೂ ಇಲ್ಲ. ಗೆಳೆಯನ ತಾಯಿಯ ಚಿತ್ರವನ್ನು ಅವಳು ಸುಮ್ಮನೆ ನೋಡುತ್ತ ನಿಲ್ಲುತ್ತಾಳೆ.

ಕೊನೆಯ ಅಧ್ಯಾಯದ ಮುಕ್ಕಾಲು ಭಾಗ ಕಾಲಿನ್‌ನ ತಂದೆಯದು. ದೂರದ ಇಟಲಿಯ ಕೋಮೋ ಸರೋವರದ ದಡದಿಂದ ಅವನು ಮನೆಗೆ ಬರುತ್ತಾನೆ, ತೋಟದ ಬಾಗಿಲು ತೆರೆದು ಓಡಿಬಂದ ಮಗ ಎದೆಗೆ ಡಿಕ್ಕಿ ಹೊಡೆಯುತ್ತಾನೆ. ಮೇರಿಯ ಜೊತೆ ಓಟದ ಪಂದ್ಯ ಕಟ್ಟಿ ಗೆದ್ದು ಬರುತ್ತಿದ್ದವನು. ಆಮೇಲೆ ತಂದೆ ಮಗ ಹುಲ್ಲುಹಾಸಿನ ಮೇಲೆ ನಡೆದು ಬರುವುದನ್ನು ಆಳುಗಳೆಲ್ಲ ಕಿಟಕಿಗೆ ಮುಗಿಬಿದ್ದು ನೋಡುತ್ತಾರೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಆ ನೋಟದಲ್ಲಿ ಮೇರಿ ಇಲ್ಲ. ಬೀಗದ ಕೈ ಕಂಡವಳು, ಬಾಗಿಲು ತೆರೆದವಳು, ಬೆನ್ನು ನೋಡಿ ಗಂಟಿಲ್ಲ ಎಂದವಳು ಎಲ್ಲಿದ್ದಾಳೆಂದು ಯಾರೂ ಕೇಳುವುದಿಲ್ಲ, ಅವಳಿಗೆ ಆಗ ಏನನಿಸಿತೆಂದು ಲೇಖಕಿಯೂ ಹೇಳುವುದಿಲ್ಲ.

ಅಕ್ಕನ ಮಗಳು ಮಾರನೇ ದಿನ ಹಾಳೆ ಹರಿದು ಹೊಸದಾಗಿ ಬರೆಯುತ್ತ ಕೂತಿದ್ದಳು. ಗೆರೆ ಎಳೆದಿರಲಿಲ್ಲ. ‘ಕಡೇಲಿ ಮೇರಿ ತೋಟದಲ್ಲೇ ಉಳ್ಕೊಂಡ್ಳಾ ಮಾಮ, ಅಥವಾ ಅವರ ಹಿಂದೆ ಬಂದ್ಳಾ?’ ಎಂದು ತಲೆ ಎತ್ತದೆ ಕೇಳಿದಳು. ಪುಸ್ತಕ ತಂದು ಇಬ್ಬರೂ ಆ ಪುಟವನ್ನು ಮತ್ತೊಮ್ಮೆ ಓದಿದೆವು.